ಈ ವರ್ಷ ಯಾವ ಮೇಳಕ್ಕೆ

ಬೇರೆಯವರ ಮನೆಯಲ್ಲಿ ಹೊಸ ಕ್ಯಾಲೆಂಡರ್ ಬಂದರೆ ಮೊದಲು ಹುಟ್ಟುಹಬ್ಬಗಳನ್ನು ಗುರುತು ಮಾಡುತ್ತಾರೆ. ಫ್ರೆಟ್ಜ್ ಮನೆಯಲ್ಲಿ ಮೊದಲು ಗುರುತಾಗುತ್ತಿದ್ದದ್ದು ಮನೆಗಾಡಿ ಮೇಳಗಳು. ಹೊಸ ವರ್ಷದ ದಿನ ಹಂದಿಮಾಂಸ, ಹುಳಿ ಎಲೆಕೋಸಿನ ಊಟ ಮುಗಿದು ತಟ್ಟೆಗಳು ಸಿಂಕಿಗೆ ಹೋದ ಕೂಡಲೇ ಡೆಲ್ಮರ್ ಹಸಿರು ಪೆನ್ನು ಹಿಡಿದು ಅಡುಗೆಮನೆಯ ಗೋಡೆಯ ಮುಂದೆ ನಿಲ್ಲುತ್ತಿದ್ದ. ಜನವರಿಯಲ್ಲಿ ಟ್ಯಾಂಪಾ, ಆಮೇಲೆ ಗ್ರ್ಯಾಂಡ್ ರ್‍ಯಾಪಿಡ್ಸ್, ಕ್ಲೀವ್‌ಲ್ಯಾಂಡ್, ಇಂಡಿಯಾನಾಪೊಲಿಸ್. ಮಾರ್ಚಿನಲ್ಲಿ ತಮ್ಮದೇ ಜಿಲ್ಲೆಯ ಮೈದಾನದ ಚಿಕ್ಕ ಮೇಳ. ಎಲ್ಲಕ್ಕೂ ಒಂದೊಂದು ಹಸಿರು ಸುತ್ತು ಬೀಳುತ್ತಿತ್ತು. ಹೋಗುತ್ತಿದ್ದದ್ದು ಒಂದಕ್ಕೋ ಎರಡಕ್ಕೋ. ಕೊಂಡದ್ದು ಒಂದೂ ಇಲ್ಲ.

ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಊರೂರಿಗೆ ಎಳೆದೊಯ್ಯುವ, ಒಲೆ ಹಾಸಿಗೆ ಕಕ್ಕಸು ಎಲ್ಲವೂ ಇರುವ ಆ ಮನೆಗಾಡಿಗಳೇ ಉತ್ತರ ಇಂಡಿಯಾನಾದ ಈ ಊರಿನ ಹೊಟ್ಟೆ ತುಂಬಿಸುತ್ತಿದ್ದವು. ಡೆಲ್ಮರ್ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅವುಗಳೊಳಗೆ ಕಪಾಟು ಕೂರಿಸಿದ್ದ. ಅವನ ಹೆಂಡತಿ ಆರ್ಲೀನ್ ಇಪ್ಪತ್ತೆರಡು ವರ್ಷ ಪರದೆ, ದಿಂಬು ಹೊಲಿದಿದ್ದಳು. ಅವಳು ಹೊಲಿದ ಪರದೆಗಳು ಈ ದೇಶದ ಎಲ್ಲ ಸಮುದ್ರಗಳನ್ನೂ ನೋಡಿ ಬಂದಿದ್ದವು. ಅವಳು ಮಾತ್ರ ಒಂದನ್ನೂ ನೋಡಿರಲಿಲ್ಲ. ಮಿಷಿಗನ್ ಸರೋವರ ನೋಡಿದ್ದಳು, ಅದಕ್ಕೂ ಆಚೆಯ ದಡ ಕಾಣುವುದಿಲ್ಲ, ಆದರೆ ಅದು ಸಿಹಿನೀರು. "ಒಂದು ಮೂಟೆ ಉಪ್ಪು ತಗೊಂಡು ಹೋಗಿ ಸುರಿದುಬಿಡು, ಖರ್ಚೂ ಕಮ್ಮಿ" ಎಂದು ಡೆಲ್ಮರ್ ಅವಳನ್ನು ರೇಗಿಸುತ್ತಿದ್ದ. ಆರ್ಲೀನ್ ನಗುತ್ತಿದ್ದಳು. ನಿವೃತ್ತಿ ಆದ ಮೇಲೆ ಹೋಗುವುದೇ ಇದೆಯಲ್ಲ ಎಂಬ ಧೈರ್ಯದಿಂದ ನಗುತ್ತಿದ್ದಳು.

ಈ ಸಲ ನಿವೃತ್ತಿ ಆಗಿತ್ತು. ಬರೀ ಅಷ್ಟೇ ಅಲ್ಲ, ಮನೆಯೂ ಕೈಬಿಟ್ಟು ಹೋಗಿತ್ತು. ಮಗಳು ಮಾರ್ಸಿ, ಅಳಿಯ ಬ್ರೆಟ್, ಮೊಮ್ಮಗಳು ಕೆನ್ನಾ ಆರು ವರ್ಷದಿಂದ ಇಲ್ಲೇ ಇದ್ದರು. ಏಪ್ರಿಲ್ ಕೊನೆಗೆ ಇನ್ನೊಂದು ಮಗು ಬರುವುದಿತ್ತು. ಇರುವುದು ಎರಡೇ ಮಲಗುವ ಕೋಣೆ. ಹಿಂದಿನ ಅಕ್ಟೋಬರಿನಲ್ಲಿ ಎಲ್ಲರೂ ಕೂತು ಮಾತಾಡಿ, ಮನೆಯನ್ನು ಮಾರ್ಸಿಯ ಹೆಸರಿಗೆ ಬರೆದುಕೊಟ್ಟಿದ್ದರು. ಮಗು ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮ ಮನೆಗಾಡಿ ಕೊಂಡು ಹೊರಡುವುದು, ಮೊದಲು ಸಮುದ್ರ, ಆಮೇಲೆ ಮನಸ್ಸು ಬಂದ ಕಡೆ. ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ. ಆರ್ಲೀನ್ ಕುಣಿದುಕೊಂಡೇ ಸಹಿ ಹಾಕಿದ್ದಳು.

"ಅಪ್ಪ, ಈ ಸಲವಾದ್ರೂ ತಗೋತೀಯೋ, ಇಲ್ಲ ಎಂದಿನ ಹಾಗೆ ಹಾಸಿಗೆ ಮೇಲೆ ಮಲಗಿ ಎದ್ದು ಬಂದ್ಬಿಡ್ತೀಯೋ?" ಮಾರ್ಸಿ ಕುರ್ಚಿಗೆ ಬೆನ್ನು ಒರಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

ಎಲ್ಲರೂ ನಕ್ಕರು. ಮೇಳಗಳಲ್ಲಿ ಡೆಲ್ಮರ್ ನಡೆದುಕೊಳ್ಳುತ್ತಿದ್ದ ರೀತಿ ಮನೆಯವರಿಗೆಲ್ಲ ಬಾಯಿಪಾಠ. ಕಂಡ ಪ್ರತಿ ಗಾಡಿಯನ್ನೂ ಹತ್ತುವನು. ಬೂಟು ಕಳಚಿ ಹಾಸಿಗೆಯ ಮೇಲೆ ಕಾಲು ಚಾಚುವನು. ಕಕ್ಕಸಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಮಂಡಿ ತಾಗುತ್ತದೆಯೇ ನೋಡುವನು. ಸ್ನಾನದ ಗೂಡಿನಲ್ಲಿ ನಿಂತು ಇಲ್ಲದ ಸೋಪಿನಿಂದ ಬೆನ್ನು ಉಜ್ಜಿಕೊಳ್ಳುವನು. "ಇಷ್ಟು ಮಾಡದೇ ಕೊಳ್ಳೋನು ದಡ್ಡ" ಎನ್ನುವನು. ಸರದಿಯಲ್ಲಿ ಹಿಂದೆ ನಿಂತವರು ಗೊಣಗಿದರೆ ಅವನಿಗೆ ಇನ್ನೂ ಖುಷಿ.

"ಈ ಸಲ ತಗೋತೀವಿ. ಟ್ಯಾಂಪಾಕ್ಕೇ ಹೋಗೋಣ ಡೆಲ್" ಎಂದಳು ಆರ್ಲೀನ್. "ಎಲ್ಲಕ್ಕಿಂತ ದೊಡ್ಡ ಮೇಳ. ಸಮುದ್ರವೂ ಪಕ್ಕದಲ್ಲೇ. ಕೊಳ್ಳದೇ ಇದ್ರೂ ನೀರಿಗೆ ಕಾಲಿಟ್ಟಾದ್ರೂ ಬರಬಹುದು."

ಡೆಲ್ಮರ್ ಟ್ಯಾಂಪಾದ ತಾರೀಖಿನ ಮೇಲೆ ಪೆನ್ನು ಇಟ್ಟ. ಸುತ್ತು ಹಾಕಲಿಲ್ಲ.

"ಅಲ್ಲಿ ಪಾರ್ಕಿಂಗ್ ದೂರ" ಎಂದ.

"ಏನು?"

"ಗಾಡಿ ಎಲ್ಲೋ ನಿಲ್ಸಿ, ಬಸ್ ಹಿಡಿದು, ಆಮೇಲೆ ಬಿಸಿಲಲ್ಲಿ ಮೈದಾನ ಪೂರ್ತಿ ಅಳೀಬೇಕಂತೆ. ಯಾರಿಗೆ ಬೇಕು?"

"ಸಾವಿರ ಮೈಲಿ ಹೋಗೋದು ದೂರ ಅಲ್ಲ, ಪಾರ್ಕಿಂಗ್ ದೂರ!" ಎಂದಳು ಮಾರ್ಸಿ. ಮತ್ತೆ ನಗು. ಕೆನ್ನಾಗೆ ಅರ್ಥವಾಗದಿದ್ದರೂ ಅವಳೂ ನಕ್ಕಳು. ಡೆಲ್ಮರ್ ಪೆನ್ನಿನ ಮುಚ್ಚಳ ಹಾಕಿ, ಉಳಿದ ಗುರುತುಗಳನ್ನು ನಾಳೆ ಮಾಡುತ್ತೇನೆಂದು ಹೋಗಿ ಟೀವಿಯ ಮುಂದೆ ಕೂತ.

ಆ ನಾಳೆ ಬರಲೇ ಇಲ್ಲ. ಗ್ರ್ಯಾಂಡ್ ರ್‍ಯಾಪಿಡ್ಸ್ ಮೇಳದ ವಾರ ಹಿಮ ಬಿತ್ತು. "ಆ ಜಾರೋ ನೆಲದಲ್ಲಿ ಯಾಕೆ ಹೋಗಿ ಸೊಂಟ ಮುರ್ಕೊಳ್ಳೋದು" ಎಂದ. ಕ್ಲೀವ್‌ಲ್ಯಾಂಡಿನದು ಕಾಂಕ್ರೀಟು ನೆಲ, ಮಂಡಿ ಹಿಡಿಯುತ್ತದೆ ಎಂದ. ಇಂಡಿಯಾನಾಪೊಲಿಸಿನಲ್ಲಿ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಹೋಗುವಷ್ಟರಲ್ಲಿ ಮೇಳವೇ ಮುಗಿದಿರುತ್ತದೆ ಎಂದ. ಪ್ರತಿ ಸಲವೂ ಆರ್ಲೀನ್ ಪ್ರಯಾಣಕ್ಕೆಂದು ಮೊಟ್ಟೆ ಬೇಯಿಸಿಟ್ಟು, ಆಮೇಲೆ ಅದನ್ನೇ ಸಂಜೆ ಸ್ಯಾಂಡ್‌ವಿಚ್ ಮಾಡಿ ಎಲ್ಲರಿಗೂ ತಿನ್ನಿಸುತ್ತಿದ್ದಳು.

ಆ ದಿನಗಳ ಒಂದು ಭಾನುವಾರ ಚರ್ಚಿಗೆ ಹೋಗುವಾಗ, ನಾಲ್ಕು ರಸ್ತೆ ಕೂಡುವಲ್ಲಿ ಡೆಲ್ಮರ್ ಪಿಕಪ್ಪಿನ ವೇಗ ಇಳಿಸಿ, ಸ್ಟೀರಿಂಗಿನ ಮೇಲೆ ಬಗ್ಗಿ ತನ್ನ ಕಾಲ ಬುಡ ನೋಡಿದ. ಆಮೇಲೆ ಗಾಡಿ ಗಕ್ಕನೆ ನಿಂತಿತು. ಆರ್ಲೀನಳ ತೊಡೆಯ ಮೇಲಿದ್ದ ಹಣ್ಣಿನ ಕಡುಬಿನ ತಟ್ಟೆ ಜಾರಿತು.

"ಏನು ಬಿದ್ಹೋಯ್ತು?"

"ಏನಿಲ್ಲ. ಬೀಗದ ಕೈ ಬಿತ್ತೇನೋ ಅಂದ್ಕೊಂಡೆ."

ಬೀಗದ ಕೈ ಗಾಡಿಯಲ್ಲೇ ಸಿಕ್ಕಿಸಿತ್ತು. ಆರ್ಲೀನಳಿಗೆ ಕಡುಬಿನದೇ ಚಿಂತೆ.

ಫೆಬ್ರವರಿಯ ಒಂದು ಸಂಜೆ, ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಸುರಿದು ಬಡಿಸುತ್ತಿದ್ದಾಗ ಜಗಳ ಹೊತ್ತಿಕೊಂಡಿತು. ಮಾರ್ಸಿ ಅಂಗಡಿಯಿಂದ ಬಣ್ಣದ ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿದ್ದಳು. ಮಗುವಿನ ಕೋಣೆಗೆ ತಿಳಿ ಹಳದಿಯೋ ತಿಳಿ ಹಸಿರೋ ಎಂದು ಬ್ರೆಟ್‌ನನ್ನು ಕೇಳುತ್ತಿದ್ದಳು. ಮಗುವಿನ ಕೋಣೆಯೆಂದರೆ ಆರ್ಲೀನ್, ಡೆಲ್ಮರ್ ಮಲಗುತ್ತಿದ್ದ ಕೋಣೆ.

"ನಾವಿನ್ನೂ ಅದರಲ್ಲೇ ಮಲಗ್ತಿದೀವಿ ಕಣೇ" ಎಂದ ಡೆಲ್ಮರ್.

"ಅದೇ ನಾನೂ ಹೇಳ್ತಿರೋದು. ಎರಡೂವರೆ ತಿಂಗಳಿದೆ. ನಾಲ್ಕು ಮೇಳ ಬಿಟ್ಟೆ. ನಿಂಗೆ ಹೋಗೋ ಮನಸ್ಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ನಾನೇನು ನಿಮ್ಮನ್ನ ಬೀದಿಗೆ ಹಾಕ್ತೀನಾ?"

"ಹಾಕಿದ್ರೆ ಹಾಕು. ಕಾಗದ ನಿನ್ನ ಹೆಸರಲ್ಲೇ ಇದೆಯಲ್ಲ."

"ನೋಡಿದ್ಯಾ ಅಮ್ಮ? ನೋಡಿದ್ಯಾ ಮಾತು?" ಮಾರ್ಸಿಯ ಕಣ್ಣು ತುಂಬಿತು. "ಕೆನ್ನಾ ಮೂರು ವರ್ಷದಿಂದ ಸೋಫಾ ಮೇಲೆ ಮಲಗ್ತಿದಾಳೆ. ಇವರಿಗೆ ನೆಲ ಕಾಂಕ್ರೀಟಂತೆ, ಮಂಡಿ ನೋವಂತೆ!"

ಅವಳದೂ ತಪ್ಪಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು, ಊದಿದ ಕಾಲು ಎಳೆದುಕೊಂಡು ಬರುತ್ತಿದ್ದಳು. ಆರ್ಲೀನ್ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಹಾಕಿದಳು. ಅವಳಿಗೆ ಗೊತ್ತಿದ್ದ ಸಮಾಧಾನ ಅದೊಂದೇ.

"ಡೆಲ್, ಒಂದು ಕೆಲಸ ಮಾಡೋಣ. ಚಿಕ್ಕದು ತಗೊಳ್ಳೋಣ. ಎಷ್ಟು ಚಿಕ್ಕದಾದ್ರೂ ಸರಿ. ಎಳ್ಕೊಂಡು ಓಡ್ಸೋದು ನಾನೂ ಕಲೀತೀನಿ. ಕಷ್ಟ ಆದಾಗ ನಾನು ಓಡಿಸ್ತೀನಿ."

ಡೆಲ್ಮರ್ ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಏನೋ ಹೇಳುವವನಂತಿದ್ದ. ಆಗ ಬ್ರೆಟ್ ನಕ್ಕುಬಿಟ್ಟ. "ಅತ್ತೆ, ನೀವು ಅಂಗಳದಿಂದ ಪಿಕಪ್ ಹಿಂದಕ್ಕೆ ತೆಗೀವಾಗ್ಲೇ ಮನೆ ಮುಂದಿನ ಅಂಚೆಪೆಟ್ಟಿಗೆ ಎರಡು ಸಲ ಬೀಳ್ಸಿದೀರಿ" ಎಂದ. ಡೆಲ್ಮರನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಆ ಮಾತು ಅಲ್ಲಿಗೇ ಮುಗಿಯಿತು.

"ಜಿಲ್ಲಾ ಮೇಳಕ್ಕೆ ಹೋಗೋಣ" ಎಂದ ಕೊನೆಗೆ. "ಮಾರ್ಚಲ್ಲಿ. ಬಾಗಿಲ ಹತ್ರವೇ ಗಾಡಿ ನಿಲ್ಸಬಹುದು. ಅಲ್ಲೇ ತಗೊಂಡ್ಬಿಡ್ತೀನಿ, ದೇವರಾಣೆ."

ಜಿಲ್ಲಾ ಮೇಳವೆಂದರೆ ಕಾರ್ಖಾನೆಯವರು ಮೂಗು ಮುರಿಯುತ್ತಿದ್ದ ಮೇಳ. ಊರಲ್ಲೇ ತಯಾರಾದದ್ದನ್ನು ಊರಲ್ಲೇ ನೋಡಲು ಟಿಕೆಟ್ ಏಕೆಂದು ಡೆಲ್ಮರನೇ ಇಪ್ಪತ್ತು ವರ್ಷ ಗೇಲಿ ಮಾಡಿದ್ದ. ಆದರೂ ಆರ್ಲೀನ್ ಸುಮ್ಮನೆ ಹೋಗಿ ಮಾರ್ಚಿನ ಹಾಳೆ ತೆಗೆದು, ತಾನೇ ಹಸಿರು ಸುತ್ತು ಹಾಕಿ ಬಂದಳು.

ಮೇಳದ ದಿನ ಬ್ರೆಟ್ ಪಿಕಪ್ ಓಡಿಸಿದ. ಕನ್ನಡಕ ಬದಲಿಸಬೇಕಾಗಿದೆ ಎಂದು ಡೆಲ್ಮರ್ ಪಕ್ಕದಲ್ಲಿ ಕೂತಿದ್ದ. ಹಳೆಯ ಮೈದಾನದ ಶೆಡ್ಡುಗಳಲ್ಲಿ ನಲವತ್ತೋ ಐವತ್ತೋ ಗಾಡಿಗಳು ಬಾಗಿಲು ತೆರೆದು ನಿಂತಿದ್ದವು. ಜೋಳದ ಅರಳು, ಹೊಸ ಪ್ಲೈವುಡ್ಡಿನ ಅಂಟಿನ ವಾಸನೆ. ಆರ್ಲೀನ್ ಹಿಗ್ಗಿದಳು. ಮೊದಲ ಗಾಡಿಯನ್ನು ಹತ್ತಿ, ದಿಂಬು ಮಗುಚಿ ಹೊಲಿಗೆ ನೋಡಿ, "ಯಾರೋ ಹೊಸಬರು, ದಾರ ಬಿಗೀನೇ ಇಲ್ಲ" ಎಂದು ಹೇಳಲು ತಿರುಗಿದರೆ ಗಂಡ ಹಿಂದೆ ಇರಲಿಲ್ಲ. ಕೆಳಗೆ ನಿಂತಿದ್ದ.

"ಹತ್ತು ಬಾ."

"ನೀನು ನೋಡ್ಕೊಂಡು ಬಂದು ಹೇಳು. ನಾನು ಹೊರಗೆ ಸಂದಿಗೆ ಹಚ್ಚಿರೋ ಅಂಟು ನೋಡ್ತಿದೀನಿ."

ಎರಡನೆಯದಕ್ಕೂ ಹತ್ತಲಿಲ್ಲ. ಹತ್ತನೆಯದಕ್ಕೂ ಇಲ್ಲ. ಎಲ್ಲವಕ್ಕೂ ಮಡಚುವ ತಗಡಿನ ಮೆಟ್ಟಿಲು, ಕಾಲಿಟ್ಟರೆ ತೊನೆಯುವಂಥವು. ಅವನು ಮೆಟ್ಟಿಲನ್ನು ನೋಡುವನು, ಆಮೇಲೆ ಚಕ್ರವನ್ನು ನೋಡುವನು, ಮುಂದಕ್ಕೆ ನಡೆಯುವನು. ನಡಿಗೆಯಲ್ಲಿ ಬಲಗಾಲಿನ ಬೂಟು ನೆಲಕ್ಕೆ ಪಟ್ ಪಟ್ ಎಂದು ಬಡಿಯುತ್ತಿತ್ತು. ಬೂಟು ಸಡಿಲ ಎಂದ. ಹಾಸಿಗೆಯ ಮೇಲೆ ಮಲಗಲಿಲ್ಲ, ಸ್ನಾನದ ಗೂಡಿನಲ್ಲಿ ಬೆನ್ನು ಉಜ್ಜಲಿಲ್ಲ. ಆರ್ಲೀನ್ ಒಬ್ಬಳೇ ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದಳು.

ಪಾಪ, ಅವಳಿಗೊಂದು ಗಾಡಿ ಹಿಡಿಸಿತ್ತು. ಹದಿನಾರು ಅಡಿ ಉದ್ದದ ಪುಟಾಣಿ. ಒಲೆಯ ಮೇಲೆ ಒಂದು ಕಿಟಕಿ. ಅಲ್ಲಿ ನಿಂತು ಕಾಫಿ ಕಾಯಿಸುತ್ತ ಸಮುದ್ರ ನೋಡಬಹುದು ಎಂದುಕೊಂಡಳು.

"ಡೆಲ್, ಇದು. ಇದನ್ನ ನಾನೂ ಎಳೀಬಲ್ಲೆ."

"ಅದರಲ್ಲಿ ಉಸಿರಾಡಕ್ಕೂ ಆಗಲ್ಲ" ಎಂದು ಅವನು ಶೆಡ್ಡಿನ ಕೊನೆಗೆ ನಡೆದ. ಅಲ್ಲಿ ಮೂವತ್ತನಾಲ್ಕು ಅಡಿಯ ದೈತ್ಯ ಗಾಡಿಯೊಂದು ನಿಂತಿತ್ತು. ಅದಕ್ಕೆ ತಗಡಿನ ಮೆಟ್ಟಿಲಿರಲಿಲ್ಲ. ನೆಲಕ್ಕೆ ಊರಿ ನಿಲ್ಲುವ ಅಗಲ ಮೆಟ್ಟಿಲು, ಪಕ್ಕಕ್ಕೆ ಗಟ್ಟಿ ಕೈಕಂಬಿ. ಡೆಲ್ಮರ್ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ನಿಂತು, ಮುಂದಿನದಕ್ಕೆ ಏರಿದ. ಒಳಗೆ ಹೋಗಿ ಸೋಫಾದ ಮೇಲೆ ಕೂತು, "ಇದೇ" ಎಂದ.

"ಯಾವ ಗಾಡೀಲಿ ಎಳೀತೀರಿ ಸರ್?" ಎಂದು ಮಾರಾಟದವನು ಕೇಳಿದ.

"ಮೂವತ್ತೊಂದು ವರ್ಷ ಇದನ್ನೇ ಕಟ್ಟಿದೋನು ನಾನು, ಮಗಾ. ನಿನ್ನ ಕೆಲಸ ನೀನು ನೋಡು."

ಮೇಳದ ಬೆಲೆ ಭಾನುವಾರ ಸಂಜೆಯವರೆಗೆ ಮಾತ್ರ ಎಂದ ಮಾರಾಟದವನು. ಡೆಲ್ಮರ್ ಪೆನ್ನು ಕೇಳಿದ. ನಿವೃತ್ತಿಯ ಗಂಟು ಅಷ್ಟೂ ಅಲ್ಲೇ ಕರಗಿತು.

ಏಪ್ರಿಲಿನಲ್ಲಿ ಅಂಗಡಿಯವರೇ ತಮ್ಮ ದೊಡ್ಡ ಲಾರಿಯಲ್ಲಿ ಎಳೆದು ತಂದು ಗಾಡಿಯನ್ನು ಹಿತ್ತಲಿನಲ್ಲಿ ನಿಲ್ಲಿಸಿ ಹೋದರು. ಕೆನ್ನಾ ಅದರ ಸುತ್ತ ಓಡಿದಳು. ಆರ್ಲೀನ್ ಬಟ್ಟೆಬರೆ, ಕಾಫಿ ಪಾತ್ರೆ, ತನ್ನ ಹೊಲಿಗೆಯ ಮಷೀನು ಎಲ್ಲವನ್ನೂ ಅದಕ್ಕೆ ಸಾಗಿಸಿದಳು. ಹಿಂದೆಯೇ ಮಾರ್ಸಿ ಬಂದು ಕೋಣೆಗೆ ತಿಳಿ ಹಳದಿ ಬಳಿಸಿದಳು. ಮೂವತ್ತೆಂಟು ವರ್ಷ ಮಲಗಿದ ಕೋಣೆ ಎರಡು ದಿನದಲ್ಲಿ ಯಾರದೋ ಆಯಿತು. ಆದರೆ ಆರ್ಲೀನಳಿಗೆ ಆಗ ಬೇಸರವಾಗಲಿಲ್ಲ. ಹೊರಡುವವಳಿಗೆ ಕೋಣೆ ಏಕೆ? ಮಗು ಹುಟ್ಟಲಿ, ಒಂದು ತಿಂಗಳು ಬಾಣಂತನ ಮಾಡಿ ಜೂನ್ ಹತ್ತಕ್ಕೆ ಹೊರಡುವುದೆಂದು ನಿಶ್ಚಯಿಸಿ ಕ್ಯಾಲೆಂಡರಿನಲ್ಲಿ ಬರೆದಳು. ಹಸಿರು ಪೆನ್ನು ಈಗ ಅವಳ ಕೈಯಲ್ಲೇ ಇತ್ತು.

ಗಂಡು ಮಗು ಹುಟ್ಟಿತು. ತಿಂಗಳೂ ಕಳೆಯಿತು. ಜೂನ್ ಎಂಟರ ಬೆಳಿಗ್ಗೆ, ಪಿಕಪ್ಪಿಗೆ ಗಾಡಿ ಕಟ್ಟಿ ಒಮ್ಮೆ ನೋಡಿಬಿಡೋಣವೆಂದು ಬ್ರೆಟ್ ಡ್ರೈವರ್ ಬಾಗಿಲು ತೆರೆದು ಬಗ್ಗಿ ನಿಂತ. ಎಷ್ಟು ಭಾರ ಹೊರಬಹುದೆಂದು ಬರೆದು ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಹಳದಿ ಚೀಟಿಯ ಮೇಲೆ ಬೆರಳಿಟ್ಟು ಓದಿದ. ಆಮೇಲೆ ಮನೆಗಾಡಿಯ ಬಾಗಿಲ ಒಳಗಿನ ಚೀಟಿ ಓದಿದ. ಮತ್ತೆ ಮೊದಲನೆಯದನ್ನು ಓದಿದ.

"ಮಾವ, ಇದನ್ನ ನೋಡೇ ಇಲ್ವಾ ನೀವು?"

"ಏನದು?"

"ಈ ಪಿಕಪ್ ಇದನ್ನ ಎಳೆಯಲ್ಲ. ಗಾಡಿ ಮೂಗು ಪಿಕಪ್ ಮೇಲೆ ಹೇರೋ ಭಾರ, ನೀವಿಬ್ರು, ನಿಮ್ಮ ಸಾಮಾನು ಸೇರಿದ್ರೆ ಆರುನೂರು ಪೌಂಡ್ ಜಾಸ್ತಿ. ಮೊದಲನೇ ಇಳಿಜಾರಲ್ಲೇ ಮಗುಚ್ಕೊಳ್ತೀರಿ." ಬ್ರೆಟ್ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ದೇವರೇ! ಮೂವತ್ತೊಂದು ವರ್ಷ ಕಾರ್ಖಾನೇಲಿದ್ದೋರು! ಊರಿಗೆ ಹೊಸದಾಗಿ ಬಂದ ಪೆದ್ದ ಮಾಡೋ ತಪ್ಪು ಇದು!"

ಡೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮರ್ತೇ ಹೋಯ್ತು ಕಣಯ್ಯ. ವಯಸ್ಸಾಯ್ತು" ಎಂದ.

ಮಾರ್ಸಿ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. "ಮರ್ತೆ ಅಂದ್ರೆ? ಇದನ್ನ ವಾಪಸ್ ಕೊಡು."

"ಅರ್ಧ ಬೆಲೆನೂ ಕೊಡಲ್ಲ ಅವರು" ಎಂದ ಬ್ರೆಟ್. "ದೊಡ್ಡ ಪಿಕಪ್ ತಗೋಬೇಕು ಅಂದ್ರೆ ಇನ್ನೊಂದು ಇಷ್ಟೇ ದುಡ್ಡು ಬೇಕು."

"ಹಾಗಾದ್ರೆ ಇವರು ಎಲ್ಲಿಗೆ ಹೋಗ್ತಾರೆ?"

ತಾನು ಕೇಳಿದ್ದು ತನಗೇ ಕೇಳಿಸಿ ಮಾರ್ಸಿ ಮಗುವಿನ ತಲೆಗೆ ಮುಖ ಒತ್ತಿಕೊಂಡು ಒಳಗೆ ಹೋದಳು.

ಆರ್ಲೀನ್ ಆ ಹಳದಿ ಚೀಟಿಯನ್ನೇ ನೋಡುತ್ತ ನಿಂತಿದ್ದಳು. ಆ ಚೀಟಿ ಓದುವುದನ್ನು ಬ್ರೆಟ್‌ಗೆ ಕಲಿಸಿದವನು ಡೆಲ್ಮರನೇ. ಮೇಳಗಳಲ್ಲಿ ಗುರುತಿಲ್ಲದವರನ್ನೂ ತೋಳು ಹಿಡಿದು ನಿಲ್ಲಿಸಿ, "ಸ್ವಾಮಿ, ಮೊದಲು ಹೋಗಿ ನಿಮ್ಮ ಗಾಡಿ ಬಾಗಿಲು ಓದ್ಕೊಂಡು ಬನ್ನಿ" ಎಂದು ಹೇಳುತ್ತಿದ್ದವನು. ಪಕ್ಕದ ಮನೆಯವನು ಭಾರದ ಗಾಡಿ ಕೊಂಡಾಗ ಒಂದು ವಾರ ಅವನೊಡನೆ ಮಾತು ಬಿಟ್ಟಿದ್ದವನು. ಅವನಿಗೆ ಅವಳ ಹುಟ್ಟುಹಬ್ಬ ಮರೆಯಬಹುದು, ಮರೆತದ್ದೂ ಉಂಟು. ಆ ಚೀಟಿ ಮರೆಯುವ ಮನುಷ್ಯನಲ್ಲ.

ಅಲ್ಲೇ ನಿಂತಿದ್ದಂತೆ ಒಂದೊಂದಾಗಿ ತಲೆಗೆ ಬಂದವು. ಪಾರ್ಕಿಂಗ್ ದೂರ. ಜಾರುವ ನೆಲ. ಕಾಂಕ್ರೀಟು. ಶೆಡ್ಡಿನಿಂದ ಶೆಡ್ಡಿಗೆ ನಡಿಗೆ. ಪಟ್ ಪಟ್ ಎನ್ನುವ ಬೂಟು. ಎರಡೂ ಕಾಲಿಟ್ಟು ಹತ್ತಿದ ಮೆಟ್ಟಿಲು. ನಾಲ್ಕು ರಸ್ತೆ ಕೂಡುವಲ್ಲಿ ಬಗ್ಗಿ ನೋಡಿದ್ದು ಬೀಗದ ಕೈಯನ್ನಲ್ಲ. ತನ್ನ ಕಾಲು ಬ್ರೇಕಿನ ಮೇಲಿದೆಯೋ ಇಲ್ಲವೋ ಎಂದು ನೋಡಿದ್ದು. ಅವನ ಬಲಗಾಲಿಗೆ ಸ್ಪರ್ಶಜ್ಞಾನವೇ ಇರಲಿಲ್ಲ.

ಗಾಡಿ ಎಳೆಯಲಾರೆ ಎಂದು ಹೇಳಲು ನಾಚಿಕೆ. ಅದಕ್ಕೆ ಎಳೆಯಲಾಗದ ಗಾಡಿಯನ್ನೇ ಕೊಂಡ. ಕುಂಟ ಎನಿಸಿಕೊಳ್ಳುವುದಕ್ಕಿಂತ ಪೆದ್ದ ಎನಿಸಿಕೊಳ್ಳುವುದು ಅವನಿಗೆ ಸುಲಭವಾಯಿತು.

ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ! ಆ ಪುಟಾಣಿ ಗಾಡಿ ಕೊಂಡು, ಅಂಚೆಪೆಟ್ಟಿಗೆಗಳನ್ನೆಲ್ಲ ಕೆಡವಿಯಾದರೂ ಓಡಿಸುವುದನ್ನು ಕಲಿತು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ಹೊತ್ತಿಗೆ ಸಮುದ್ರದ ದಡದಲ್ಲಿ ಕಾಫಿ ಕಾಯಿಸುತ್ತಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡನಿಗೆ ಹೆಂಡತಿಯ ಮುಂದೆ ಒಂದು ಕಾಲಿನ ಸುದ್ದಿ ಹೇಳಲಾಗಲಿಲ್ಲ.

"ನೀನು ಚೀಟಿ ಓದ್ಲಿಲ್ವಾ ಡೆಲ್?" ಎಂದು ಕೇಳಿದಳು.

ಅವನು ಅವಳ ಮುಖ ನೋಡಿದ. ಹೇಳಬೇಡ ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು.

"ಮರ್ತೆ ಅಂದ್ನಲ್ಲ" ಎಂದ.

ಆರ್ಲೀನ್ ಅಳಿಯನ ಕಡೆ ತಿರುಗಿದಳು. "ಸಾಕು ಬಿಡಪ್ಪ ಬ್ರೆಟ್. ದೊಡ್ಡದೇ ಬೇಕು ಅಂತ ಹಠ ಹಿಡಿದವಳು ನಾನು."

ಅಂದು ಸಂಜೆ ಕ್ಯಾಲೆಂಡರಿನಲ್ಲಿ ಜೂನ್ ಹತ್ತರ ಮೇಲಿನ ಸುತ್ತನ್ನು ಏನು ಮಾಡುವುದೆಂದು ತಿಳಿಯದೆ ಹಾಳೆಯನ್ನೇ ತಿರುಗಿಸಿ ಜುಲೈ ಮಾಡಿಬಿಟ್ಟಳು.

ಗಾಡಿ ಹಿತ್ತಲಿನಲ್ಲೇ ನಿಂತಿತು. ಚಕ್ರಗಳಿಗೆ ಇಟ್ಟಿಗೆ ಕೊಟ್ಟರು. ಅಡುಗೆಮನೆಯ ಕಿಟಕಿಯಿಂದ ಕರೆಂಟಿನ ವೈರು ಎಳೆದರು. ಊರೆಲ್ಲ ನಕ್ಕಿತು, ಹಳೆಯ ಗೆಳೆಯರು ಕಾಫಿ ಅಂಗಡಿಯಲ್ಲಿ "ಏನಯ್ಯ, ಹಿತ್ತಲಿಂದ ಅಂಗಳಕ್ಕೆ ಎಷ್ಟು ಮೈಲಿ ಕೊಡುತ್ತೆ?" ಎಂದು ಕೇಳಿದರು. ಡೆಲ್ಮರ್ ನಗುತ್ತಿದ್ದ. ಕ್ರಮೇಣ ಕಾಫಿ ಅಂಗಡಿಗೂ ಹೋಗುವುದನ್ನು ಬಿಟ್ಟ.

ಮಾರ್ಸಿ ಕೆಟ್ಟವಳಾಗಲಿಲ್ಲ, ಆದರೆ ಮನೆ ನಡೆಯಬೇಕಲ್ಲ. "ಅಮ್ಮ, ಬಟ್ಟೆ ಮಷೀನು ಮಂಗಳವಾರ, ಶುಕ್ರವಾರ ನಿಮ್ಮದು, ಆಯ್ತಾ? ಉಳಿದ ದಿನ ಮಗುವಿನ ಬಟ್ಟೆ ಇರುತ್ತೆ" ಎಂದಳು. ಇನ್ನೊಂದು ದಿನ, "ಬರೋವಾಗ ಒಂದ್ಸಲ ಬಾಗಿಲು ತಟ್ಟಮ್ಮ, ಮಗು ಮಲಗಿರುತ್ತೆ" ಎಂದಳು. ಆರ್ಲೀನ್ ತಾನು ಬಣ್ಣ ಹಚ್ಚಿದ್ದ ಬಾಗಿಲನ್ನು ಬೆರಳ ತುದಿಯಿಂದ ತಟ್ಟುವುದನ್ನು ಕಲಿತಳು. ಅಕ್ಟೋಬರಿನಲ್ಲಿ ಗಾಡಿಯ ಕೊಳವೆಗಳು ಹೆಪ್ಪುಗಟ್ಟದಿರಲೆಂದು ಬ್ರೆಟ್ ಸುತ್ತಲೂ ಥರ್ಮೊಕೋಲ್ ಹಲಗೆ ಬಡಿದ. ಅದರೊಡನೆ ಚಕ್ರಗಳೂ ಕಣ್ಣಿಗೆ ಬೀಳದಂತಾದವು.

ಡೆಲ್ಮರ್ ಈಗ ಎರಡು ಕೈಯಿಂದ ಕಂಬಿ ಹಿಡಿದು ಇಳಿಯುತ್ತಿದ್ದ. ಸಂಧಿವಾತ ಎನ್ನುತ್ತಿದ್ದ. ಅವಳು ಹೌದೆನ್ನುತ್ತಿದ್ದಳು. ಡಾಕ್ಟರ ಬಳಿ ಹೋಗೋಣವೆಂದು ಎರಡು ಸಲ ಹೇಳಿದಳು. ಎರಡೂ ಸಲ ಅವನು ಟೀವಿಯ ಸದ್ದು ಏರಿಸಿದ. ಮೂರನೆಯ ಸಲ ಅವಳು ಹೇಳಲಿಲ್ಲ. ಈ ಗಾಡಿಯ ಒಲೆಯ ಮೇಲೂ ಒಂದು ಕಿಟಕಿಯಿತ್ತು. ಅಲ್ಲಿ ನಿಂತು ಕಾಫಿ ಕಾಯಿಸಿದರೆ ಕಾಣುತ್ತಿದ್ದದ್ದು ತನ್ನದೇ ಹಳೆಯ ಅಡುಗೆಮನೆ, ಅಲ್ಲಿ ತನ್ನದೇ ಒಲೆಯ ಮುಂದೆ ನಿಂತ ಮಗಳ ಬೆನ್ನು.

ಹೊಸ ವರ್ಷದ ದಿನ ಮಗುವಿಗೆ ಜ್ವರ. ಊಟಕ್ಕೆ ಎಲ್ಲರೂ ಸೇರುವುದು ಬೇಡವೆಂದು, ಮಾರ್ಸಿ ಹಂದಿಮಾಂಸ, ಹುಳಿ ಎಲೆಕೋಸನ್ನು ಎರಡು ತಟ್ಟೆಗೆ ಹಾಕಿ ಕಾಗದ ಮುಚ್ಚಿ ಕೆನ್ನಾಳ ಕೈಯಲ್ಲಿ ಕಳಿಸಿದಳು. ಕೆನ್ನಾ ಹಿಮ ತುಳಿದುಕೊಂಡು ಬಂದು, ಹೊಸ ಕ್ಯಾಲೆಂಡರನ್ನೂ ಕಂಕುಳಲ್ಲಿ ತಂದಿದ್ದಳು.

"ತಾತ, ಇದು ಬ್ಯಾಂಕಿನೋರು ಕೊಟ್ಟಿದ್ದು. ನಿಮ್ಮ ಮೇಳ ಗುರುತು ಹಾಕ್ಕೋಬೇಕಂತೆ, ಅಮ್ಮ ಹೇಳಿದ್ಲು."

"ನಿಮ್ಮಮ್ಮನಿಗೆ ತಮಾಷೆ" ಎಂದ ಡೆಲ್ಮರ್. ಆದರೂ ಕ್ಯಾಲೆಂಡರ್ ತೆಗೆದುಕೊಂಡ. ಕೆನ್ನಾ ಓಡಿಹೋದಳು. ಇಬ್ಬರೂ ಮಡಚುವ ಮೇಜಿನ ಎದುರುಬದುರು ಕೂತು ಉಂಡರು. ಊಟ ಅಷ್ಟರಲ್ಲೇ ಆರಿತ್ತು. ಆರ್ಲೀನ್ ತಟ್ಟೆ ತೊಳೆದಿಟ್ಟಳು. ಅವು ಮಗಳ ಮನೆಯ ತಟ್ಟೆಗಳು, ವಾಪಸು ಕೊಡಬೇಕಿತ್ತು.

ಡೆಲ್ಮರ್ ಎಲ್ಲಿಂದಲೋ ಹಸಿರು ಪೆನ್ನು ಹುಡುಕಿ ತೆಗೆದಿದ್ದ. ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿ ಜನವರಿಯ ಹಾಳೆಯನ್ನು ಅಂಗೈಯಿಂದ ಸವರಿದ. ಅವನ ಬಲಗಾಲು ಮೇಜಿನ ಕೆಳಗೆ ಪಕ್ಕಕ್ಕೆ ಸೊಟ್ಟಗೆ ಬಿದ್ದಿತ್ತು. ಅದು ಹಾಗೆ ಬಿದ್ದಿರುವುದು ಅವನಿಗೆ ತಿಳಿದಿರಲಿಲ್ಲ.

"ಈ ವರ್ಷ ಯಾವ ಮೇಳಕ್ಕೆ ಹೋಗೋಣ, ಆರ್ಲೀ?"

ಅವಳು ಕೈ ಒರೆಸಿಕೊಂಡಳು.

"ಈ ಸಲ ನಿನ್ನ ಟ್ಯಾಂಪಾಕ್ಕೇ ಹೋಗೋಣ" ಎಂದ. ಅವನ ದನಿ ಸಣ್ಣದಾಗಿತ್ತು. "ನಿಜವಾಗ್ಲೂ. ದೊಡ್ಡ ಮೇಳ. ನೀನು ಸಮುದ್ರನೂ ನೋಡಿದ ಹಾಗಾಗುತ್ತೆ."

ಕ್ಷಮೆ ಕೇಳುವುದು ಅವನಿಗೆ ಬರುತ್ತಿದ್ದದ್ದೇ ಹೀಗೆ. ಅದು ಅವಳಿಗೆ ಅರ್ಥವಾಯಿತು. ಹೂಂ ಎಂದು ಒಂದು ಮಾತು ಅಂದಿದ್ದರೆ ಅವನು ಹಸಿರು ಸುತ್ತು ಹಾಕುತ್ತಿದ್ದ, ಇಬ್ಬರೂ ಇನ್ನೊಂದು ವರ್ಷ ಅದೇ ಸುತ್ತಿನೊಳಗೆ ಕೂತಿರಬಹುದಿತ್ತು. ಅವಳಿಗೆ ಇನ್ನು ಸಾಕಾಗಿತ್ತು. ಎದುರಿಗೆ ಬಂದು ಕೂತು, ಬಗ್ಗಿ, ಮೇಜಿನ ಕೆಳಗೆ ಸೊಟ್ಟಗೆ ಬಿದ್ದಿದ್ದ ಆ ಕಾಲನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಇಟ್ಟಳು.

"ಬೇಡ ಡೆಲ್" ಎಂದಳು. "ಅಲ್ಲಿ ಪಾರ್ಕಿಂಗ್ ದೂರ."

ಡೆಲ್ಮರ್ ತನ್ನ ಕಾಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಪೆನ್ನಿನ ಮುಚ್ಚಳ ಹುಡುಕಿ ಹಾಕಿದ.